ಟಿಪ್ಪುವಿನಿಂದ ಇಸ್ರೋಗೆ ಒಂದೇ ನೆಗೆತ: ರಾಕೆಟ್ ಚರಿತ್ರೆಯ ನಡುವಿನ ಖಾಲಿ ಪುಟ

ಮೈಸೂರು ರಾಕೆಟ್ಟುಗಳ ಬಗ್ಗೆ ಬರೆಯುವವರು ಒಂದು ವರ್ಣಚಿತ್ರವನ್ನು ಮರೆಯದೆ ನೆನೆಯುತ್ತಾರೆ. ಅಮೆರಿಕದ ವಾಲಪ್ಸ್ ಕೇಂದ್ರದಲ್ಲಿ ಅಬ್ದುಲ್ ಕಲಾಂ ಕಂಡ, ಟಿಪ್ಪುವಿನ ಸೈನಿಕರು ರಾಕೆಟ್ ಹಾರಿಸುತ್ತಿರುವ ಚಿತ್ರ ಅದು. ‘ವಿಂಗ್ಸ್ ಆಫ್ ಫೈರ್’ ಪುಸ್ತಕದ ಈ ಪ್ರಸಂಗ ಭಾಷಣಗಳಲ್ಲಿ, ಲೇಖನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅಲ್ಲಿಂದ ನಮ್ಮ ಬರಹ ಒಂದೇ ನೆಗೆತಕ್ಕೆ ಶ್ರೀಹರಿಕೋಟಾ ತಲುಪುತ್ತದೆ. ಹೆಮ್ಮೆಯ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಈ ನೆಗೆತದ ಬಗ್ಗೆ.

ನೆಗೆಯದೆ ಬರೆಯುವುದು ಹೇಗೆಂದು ರೊದ್ದಂ ನರಸಿಂಹ 1985ರಲ್ಲೇ ತೋರಿಸಿದ್ದಾರೆ. 1750ರಿಂದ 1850ರವರೆಗಿನ ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್ಟುಗಳ ಕುರಿತ ಅವರ ಪ್ರಬಂಧದಲ್ಲಿ ವೀರಗಾಥೆಗಿಂತ ವಸ್ತುವಿಗೆ ಹೆಚ್ಚು ಜಾಗವಿದೆ. ಕೊಳವೆ ಯಾವುದರದ್ದು? ಕಬ್ಬಿಣದ್ದು. ಅದರಿಂದ ಏನಾಯಿತು? ಒಳಗಿನ ಮದ್ದಿನ ಒತ್ತಡವನ್ನು ಅದು ಹೆಚ್ಚು ತಾಳಿಕೊಂಡಿತು, ರಾಕೆಟ್ ಹೆಚ್ಚು ದೂರ ಹೋಯಿತು. ಹೀಗೆ ಓದಿದಾಗ 1780ರ ಪೊಳ್ಳಿಲೂರು ಕದನದ ಹಿಂದೆ ಒಬ್ಬ ಸುಲ್ತಾನನಷ್ಟೇ ಅಲ್ಲ, ಕಬ್ಬಿಣ ಬಡಿದ ಕಮ್ಮಾರರೂ ಕಾಣುತ್ತಾರೆ.

ಅದೇ ರಾಕೆಟ್ಟಿಗೆ ಕಟ್ಟಿದ ಬಿದಿರು ಕೋಲಿನ ಬೆನ್ನು ಹತ್ತಿ ನೋಡೋಣ. ರಾಕೆಟ್ ದಿಕ್ಕು ತಪ್ಪದಂತೆ ಹಿಡಿಯುವುದು ಆ ಕೋಲಿನ ಕೆಲಸ. 1916ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಈವ್ ಲೆ ಪ್ರಿಯೂರ್, ಶತ್ರುಗಳ ವೀಕ್ಷಣಾ ಬಲೂನುಗಳನ್ನು ಸುಡಲೆಂದು ವಿಮಾನದ ರೆಕ್ಕೆಗಳ ನಡುವಿನ ಕಂಬಗಳಿಗೆ ರಾಕೆಟ್ ಜೋಡಿಸಿದ. ಅವುಗಳ ಹಿಂದೆಯೂ ಮರದ ಕೋಲೇ ಇತ್ತು. ಮುಂದೆ ಕೋಲಿನ ಜಾಗಕ್ಕೆ, ಹಾರಿದ ಮೇಲೆ ಬಿಚ್ಚಿಕೊಳ್ಳುವ ಮಡಚು ರೆಕ್ಕೆಗಳು ಬಂದವು. ಅಂಥ ರಾಕೆಟ್ಟುಗಳಲ್ಲಿ ಒಂದು, ಫ್ರಾನ್ಸಿನದೇ 68 ಮಿ.ಮೀ. ‘ಸ್ನೆಬ್’, ಬೆಂಗಳೂರಿನಲ್ಲಿ ತಯಾರಾದ ವಿಮಾನವೊಂದರ ಹೊಟ್ಟೆ ಸೇರಿತು.

ಆ ವಿಮಾನವೇ ಎಚ್‌ಎಫ್-24 ಮಾರುತ್. ಜರ್ಮನಿಯ ಕುರ್ಟ್ ಟ್ಯಾಂಕ್ ಅದರ ವಿನ್ಯಾಸಕಾರ. 1961ರ ಜೂನ್ 17ರಂದು ಮೊದಲ ಸಲ ಹಾರಿತು. ಒಟ್ಟು 147 ವಿಮಾನಗಳು ತಯಾರಾದವು. ಮೂಗಿನಲ್ಲಿ ನಾಲ್ಕು ತೋಪು, ಹೊಟ್ಟೆಯೊಳಗೆ 50 ರಾಕೆಟ್ಟುಗಳ ತಟ್ಟೆ. ದಾಳಿಯ ಹೊತ್ತಿಗೆ ಅದು ಕೆಳಗಿಳಿಯುತ್ತದೆ, ಬಳಿಕ ಒಳಸರಿಯುತ್ತದೆ. ತರಬೇತಿಗೆಂದು ಎರಡನೆಯ ಆಸನ ಹಾಕುವಾಗ ಜಾಗ ಸಾಲದೆ ಈ ತಟ್ಟೆಯನ್ನೇ ತೆಗೆದರು. 1971ರ ಯುದ್ಧದಲ್ಲಿ ಮಾರುತ್ ರಾಜಸ್ಥಾನದ ಗಡಿಯಲ್ಲಿ ಹಾರಿತು. ಇದನ್ನು ಕಟ್ಟಿದ ಎಚ್‌ಎಎಲ್, 1940ರಲ್ಲಿ ಮೈಸೂರು ಸಂಸ್ಥಾನದ ಬೆಂಬಲದಿಂದಲೇ ಹುಟ್ಟಿದ ಕಾರ್ಖಾನೆ. ಆದರೂ ಮೈಸೂರು ರಾಕೆಟ್ ಎಂದು ಎದೆಯುಬ್ಬಿಸುವ ಬರಹಗಳಲ್ಲಿ ಈ ಐವತ್ತು ರಾಕೆಟ್ಟುಗಳಿಗೆ ಒಂದು ಸಾಲೂ ಸಿಗುವುದು ಅಪರೂಪ.

ಮಾರುತ್ ಬಗ್ಗೆ ಇರುವ ಬರಹಗಳಲ್ಲಿ ಬಹುಪಾಲು ಇಂಗ್ಲಿಷಿನವು. ಪೈಲಟ್ಟುಗಳು, ಎಂಜಿನಿಯರುಗಳು, ಯುದ್ಧ ಇತಿಹಾಸಕಾರರು ಬರೆದವು. ವೇಗ, ಎಂಜಿನ್ನಿನ ಕೊರತೆ, ದಾಳಿಯ ದಿನಾಂಕ ಎಲ್ಲವೂ ಅಲ್ಲಿವೆ. ರಿವೆಟ್ ಹೊಡೆದವನು, ತಟ್ಟೆ ಏರಿಳಿಯುವುದನ್ನು ಪರೀಕ್ಷಿಸಿದವನು ಇಲ್ಲ. ಬಸವಕಲ್ಯಾಣದವನಾದ ನನಗೆ ಇದು ಚುಚ್ಚುವ ಕೊರತೆ. ಹಗ್ಗ ಹೊಸೆಯುವವರು, ದೋಣಿ ನಡೆಸುವವರು ತಮ್ಮ ಕಸುಬಿನ ಹೆಸರಿನಲ್ಲೇ ಮಾತಾಡಿದ ಊರು ಇದು. ಹುಮನಾಬಾದಿನಿಂದ ಆಚೆಗೆ ಬೀದರ್ ವಾಯುನೆಲೆ ಇದೆ. ಅಲ್ಲಿ ವರ್ಷಗಟ್ಟಲೆ ಹಾರಿದ ಕಿರಣ್ ವಿಮಾನಗಳೂ ಬೆಂಗಳೂರಿನ ಕೈಗಳು ಕಟ್ಟಿದವೇ. ತಲೆಯೆತ್ತಿ ನೋಡಿದ್ದೇವೆ, ಆ ಕೈಗಳ ಬಗ್ಗೆ ಕೇಳಿಲ್ಲ.

ರಾಕೆಟ್ ಕೊಲ್ಲುವ ವಸ್ತು ಎಂಬುದನ್ನೂ ವರ್ಣಚಿತ್ರದ ಹೆಮ್ಮೆ ಮರೆಸುತ್ತದೆ. ಅದನ್ನು ಕಟ್ಟಿದವರಿಗೆ ಹಾಗೆ ಅನಿಸಿತ್ತೇ? ಅವರನ್ನೇ ಕೇಳಬೇಕು. 1967ರಲ್ಲಿ ಇಪ್ಪತ್ತರ ವಯಸ್ಸಿನಲ್ಲಿ ಕಾರ್ಖಾನೆ ಸೇರಿದವರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಕಡತಗಳು ಇನ್ನಷ್ಟು ಕಾಲ ಕಾದಾವು, ಅವರು ಕಾಯಲಾರರು. ಕೇಳಬೇಕಾದ ಮೊದಲ ಪ್ರಶ್ನೆ ತೀರ ಸಣ್ಣದು: ಶಾಪಿನಲ್ಲಿ ನೀವು ನೀವೇ ಮಾತಾಡಿಕೊಳ್ಳುವಾಗ, ಆ ರಾಕೆಟ್ ತಟ್ಟೆಯನ್ನು ಏನೆಂದು ಕರೆಯುತ್ತಿದ್ದಿರಿ?