ಜಲವರ್ಣದಲ್ಲಿ ಒಂದು ಹೊದಿಕೆ

ಮನೆಯಲ್ಲಿ ಬಳಸಿದ ಹೊದಿಕೆಯೊಂದನ್ನು ಇದ್ದುದು ಇದ್ದಂತೆಯೇ ಕಾಗದದ ಮೇಲೆ ಬರೆದಿಟ್ಟರೆ ಅದು ಕಲೆಯೆನಿಸುವುದೋ, ಬರಿಯ ಪ್ರತಿಯೆನಿಸುವುದೋ? ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1935ರಿಂದ 1942ರವರೆಗೆ ನಡೆದ 'ಇಂಡೆಕ್ಸ್ ಆಫ್ ಅಮೆರಿಕನ್ ಡಿಸೈನ್' ಎಂಬ ಕಾರ್ಯವು ಈ ಪ್ರಶ್ನೆಯನ್ನು ರಸಿಕರ ಮುಂದಿಡುತ್ತದೆ. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಉದ್ಯೋಗವಿಲ್ಲದೆ ಬಳಲುತ್ತಿದ್ದ ಚಿತ್ರಕಾರರಿಗೆ ಅಲ್ಲಿಯ ಸರಕಾರವು ವೇತನವಿತ್ತು, ಹಳೆಯ ಮನೆಗಳ ಹೊದಿಕೆ, ಕುರ್ಚಿ, ಮಣ್ಣಿನ ಪಾತ್ರೆ, ಆಟಿಗೆ ಮೊದಲಾದುವನ್ನು ಯಥಾವತ್ತಾಗಿ ಬರೆಯಿಸಿತು. ಹೀಗೆ ಸಿದ್ಧವಾದ ಸುಮಾರು 18,000 ಚಿತ್ರಗಳು ವಾಷಿಂಗ್ಟನ್ನಿನ ರಾಷ್ಟ್ರೀಯ ಚಿತ್ರಶಾಲೆಯಲ್ಲಿವೆ.

ಅವುಗಳಲ್ಲಿ ಮ್ಯಾಗ್ನಸ್ ಫೋಸಮ್ ಎಂಬಾತನು ಬರೆದ 'ಬಾಸ್ಟನ್ ಟೌನ್' ಮಾದರಿಯ ಹೊದಿಕೆಯ ಚಿತ್ರವೊಂದು. 1940ರ ಫೆಬ್ರವರಿಯಲ್ಲಿ, ಫ್ಲಾರಿಡ ಪ್ರಾಂತದ ಕೋರಲ್ ಗೇಬಲ್ಸಿನಲ್ಲಿ, ಆತನು ಆ ಹೊದಿಕೆಯನ್ನು ನೋಡಿ ಬರೆಯುತ್ತಿದ್ದಾಗ ತೆಗೆದ ಛಾಯಾಚಿತ್ರವೂ ಉಳಿದಿದೆ. ಊರಿನ ಹೆಸರನ್ನೇ ಹೊತ್ತ ಈ ಮಾದರಿಯ ಅಂಚಿನಲ್ಲಿ ಮನೆಗಳ ಸಾಲನ್ನು ನೇಯುವುದು ವಾಡಿಕೆ. ಮಲಗುವವನ ಸುತ್ತಲೂ ಅವನ ಊರೇ ಕಾವಲು ನಿಂತಂತೆ!

ಛಾಯಾಗ್ರಾಹಕ ಯಂತ್ರವಿರಲು ಈ ಶ್ರಮವೇಕೆ ಎನ್ನುವವರುಂಟು. ಆ ಕಾಲದ ಬಣ್ಣದ ಛಾಯಾಚಿತ್ರವು ಬಾಳಿಕೆಗೆ ನೆಚ್ಚತಕ್ಕದ್ದಾಗಿರಲಿಲ್ಲ ಎಂಬುದೊಂದು ಉತ್ತರ. ಅದಕ್ಕಿಂತ ಮೇಲಾದ ಉತ್ತರ ಇನ್ನೊಂದಿದೆ. ಯಂತ್ರವು ಬಟ್ಟೆಯನ್ನು ಒಂದೇ ನಿಮಿಷದಲ್ಲಿ ನುಂಗಿಬಿಡುತ್ತದೆ. ಚಿತ್ರಕಾರನಾದರೋ ಹಾಸು ಯಾವುದು, ಹೊಕ್ಕು ಯಾವುದು, ಎಳೆ ಎಲ್ಲಿ ಮೇಲೆದ್ದಿತು, ಎಲ್ಲಿ ಅಡಗಿತು ಎಂಬುದನ್ನು ತಿಳಿಯದೆ ಕುಂಚವನ್ನು ಮುಂದಿಡಲಾರನು. ತಿಳಿಯಾದ ಬಣ್ಣವನ್ನು ಪದರಪದರವಾಗಿ ಹಚ್ಚುತ್ತ, ನೇಕಾರನ ಕೈ ನಡೆದ ದಾರಿಯಲ್ಲಿ ತನ್ನ ಕೈಯನ್ನು ಆತನು ನಡೆಯಿಸಬೇಕು.

ಇಂಥ ಚಿತ್ರಕ್ಕೆ ಕೊರತೆಯಿಲ್ಲವೆಂದಲ್ಲ. ಹೊದಿಕೆಯ ಭಾರ, ಅದರ ಬೆಚ್ಚಗು, ಮಡಿಸಿದಾಗ ಬೀಳುವ ನೆರಿಗೆ, ಇವು ಚಪ್ಪಟೆಯಾದ ಕಾಗದಕ್ಕೆ ಸುಲಭವಾಗಿ ಬಾರವು. ಹೊದ್ದವರು ಯಾರೆಂಬುದೂ ಅದರಲ್ಲಿ ಕಾಣದು. ಆದರೆ ಚಿತ್ರಕಾರನು ತನ್ನ ಕಲ್ಪನೆಯಿಂದ ಆ ಕೊರತೆಯನ್ನು ತುಂಬಹೊರಟಿದ್ದರೆ ಹೊದಿಕೆ ಮರೆಯಾಗಿ ಆತನೇ ಮುಂದೆ ನಿಲ್ಲುತ್ತಿದ್ದನು. ಆತನು ಹಿಂದೆ ಸರಿದುದರಿಂದಲೇ ನೇಕಾರನ ಜಾಣ್ಮೆ ನಮ್ಮ ಕಣ್ಣಿಗೆ ಬಿದ್ದಿತು.

ಹೊಸತನ್ನು ಹುಟ್ಟಿಸುವುದೊಂದೇ ಪ್ರತಿಭೆಯ ಲಕ್ಷಣವೆಂಬ ಮಾತು ಹೆಚ್ಚಾಗಿ ಕೇಳಿಬರುತ್ತದೆ. ಪರರ ಕೆಲಸವನ್ನು ಗೌರವದಿಂದ, ತಾಳ್ಮೆಯಿಂದ, ಎಳೆ ತಪ್ಪದಂತೆ ನೋಡಬಲ್ಲ ಕಣ್ಣೂ ಪ್ರತಿಭೆಯೇ ಎಂಬುದನ್ನು ಈ ಚಿತ್ರವು ತೋರಿಸಿಕೊಡುತ್ತದೆ. ಇದನ್ನು ನೋಡಿದ ಸಹೃದಯರು ಮನೆಗೆ ಹೋಗಿ ತಮ್ಮ ಪೆಟ್ಟಿಗೆಯಲ್ಲಿರುವ ಹಳೆಯ ಬಟ್ಟೆಯನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿದರೆ, ಚಿತ್ರಕಾರನ ಶ್ರಮ ಸಾರ್ಥಕವಾದಂತೆಯೇ ಸರಿ.