ಹದಿನೈದು ಸೆಕೆಂಡಿನ ಗುಲಾಬಿ

ಆಹಾರ ವಿಶ್ಲೇಷಣೆ ಕಲಿಸುವ ಕಾಲೇಜುಗಳಲ್ಲಿ ಇಂದು ಮರ್ಯಾದೆಯೆಲ್ಲ ಉಪಕರಣಕ್ಕೆ. ಎಚ್‌ಪಿಎಲ್‌ಸಿ, ಜಿಸಿ-ಎಂಎಸ್ ಎಂಬ ಹೆಸರುಗಳು ಪಠ್ಯಕ್ರಮದ ಮುಂಬಾಗಿಲಲ್ಲೇ ನಿಂತಿವೆ. ಮೈಸೂರಿನ ಸಿಎಫ್‌ಟಿಆರ್‌ಐನ ಎಸ್. ರಂಗಣ್ಣ ಅವರು 1977ರಲ್ಲಿ ಪ್ರಕಟಿಸಿ, 1986ರಲ್ಲಿ ಸಾವಿರ ಪುಟ ದಾಟುವಷ್ಟು ಬೆಳೆಸಿದ ಹಣ್ಣು-ತರಕಾರಿ ಉತ್ಪನ್ನಗಳ ವಿಶ್ಲೇಷಣೆಯ ಇಂಗ್ಲಿಷ್ ಕೈಪಿಡಿಗೆ ಮಾತ್ರ ಪ್ರಬಂಧಗಳ ಕೊನೆಯ ಪಟ್ಟಿಯಲ್ಲೊಂದು ಸಾಲು ಮೀಸಲು. ಹೆಸರಿಸುವವರು ಬಹಳ, ಕೂತು ಓದುವವರು ವಿರಳ. ಉಪಕರಣ ಕಲಿಯಹೊರಟವರೇ ಮೊದಲು ಓದಬೇಕಾದ ಪುಸ್ತಕ ಅದು ಎಂಬುದು ನನ್ನ ವಾದ.

ಅದರಲ್ಲಿ ಸಿ ಜೀವಸತ್ವವನ್ನು ಅಳೆಯುವ ಭಾಗವೊಂದನ್ನೇ ತೆಗೆದುಕೊಳ್ಳೋಣ. ಸೀಬೆ ಹಣ್ಣನ್ನು 3 ಪ್ರತಿಶತ ಮೆಟಾಫಾಸ್ಫಾರಿಕ್ ಆಮ್ಲದಲ್ಲಿ ಅರೆದು, ಸೋಸಿ, ಬ್ಯೂರೆಟ್ಟಿನಿಂದ 2,6-ಡೈಕ್ಲೋರೋಫಿನಾಲ್ ಇಂಡೋಫಿನಾಲ್ ಎಂಬ ಬಣ್ಣವನ್ನು ಹನಿಸುತ್ತ ಹೋಗಬೇಕು. ಆಸ್ಕಾರ್ಬಿಕ್ ಆಮ್ಲ ಇರುವವರೆಗೆ ಬಿದ್ದ ಬಣ್ಣವೆಲ್ಲ ಮಾಯವಾಗುತ್ತದೆ. ಅದು ಮುಗಿದ ಮೇಲೆ ಬಿದ್ದ ಹನಿ ಗುಲಾಬಿಯಾಗಿ ಉಳಿಯುತ್ತದೆ. ಆ ಗುಲಾಬಿ 15 ಸೆಕೆಂಡು ನಿಂತರೆ ಸಾಕು, ಅಲ್ಲಿಗೆ ನಿಲ್ಲಿಸಬೇಕು.

ಯಾಕೆ 15 ಸೆಕೆಂಡು? ಹಣ್ಣಿನ ರಸದಲ್ಲಿ ಬಣ್ಣವನ್ನು ಅಳಿಸಬಲ್ಲ ವಸ್ತುಗಳು ಬೇರೆಯೂ ಇವೆ. ಆದರೆ ಅವುಗಳಲ್ಲಿ ಹಲವು ನಿಧಾನಿಗಳು. ಆಸ್ಕಾರ್ಬಿಕ್ ಆಮ್ಲ ತಕ್ಷಣ ಕೆಲಸ ಮುಗಿಸುತ್ತದೆ. ಬೇಗ ಹನಿಸಿ, ಬೇಗ ನಿಲ್ಲಿಸಿದವರು ಈ ಎರಡು ಗುಂಪುಗಳನ್ನು ಕಾಲದ ಅಂತರದಿಂದಲೇ ಬೇರ್ಪಡಿಸಿದಂತಾಯಿತು. ಎಚ್‌ಪಿಎಲ್‌ಸಿಯಂಥ ಕ್ರೊಮಟೋಗ್ರಫಿಯ ಕಾಲಂ ಮಾಡುವುದೂ ಕಾಲದ ಅಂತರದಲ್ಲಿ ಬೇರ್ಪಡಿಸುವ ಕೆಲಸವನ್ನೇ, ಬೇರೆ ತತ್ತ್ವದ ಮೇಲೆ ಮತ್ತು ಹೆಚ್ಚು ನಿಖರವಾಗಿ. ಗಾಜಿನ ಫ್ಲಾಸ್ಕಿನಲ್ಲಿ ಇದನ್ನು ಕಣ್ಣಾರೆ ಕಂಡ ವಿದ್ಯಾರ್ಥಿಗೆ ರಿಟೆನ್ಷನ್ ಟೈಮ್ (ವಸ್ತುವೊಂದು ಕಾಲಂ ದಾಟಲು ಹಿಡಿಯುವ ಸಮಯ) ಎಂಬುದು ಬಾಯಿಪಾಠದ ಪದವಾಗಿ ಉಳಿಯುವುದಿಲ್ಲ. ಇನ್ನು ಮೆಟಾಫಾಸ್ಫಾರಿಕ್ ಆಮ್ಲ ಯಾಕೆ? ಪ್ರೋಟೀನನ್ನು ಗರಣೆಗಟ್ಟಿಸಲು, ಹಣ್ಣಿನ ಕಿಣ್ವಗಳನ್ನು ತಡೆಯಲು, ತಾಮ್ರದ ಸೋಂಕಿನಿಂದ ಜೀವಸತ್ವ ಹಾಳಾಗದಂತೆ ಕಾಯಲು. ಎಚ್‌ಪಿಎಲ್‌ಸಿಗೆ ಮಾದರಿ ಸಿದ್ಧಪಡಿಸುವಾಗಲೂ ಈ ಆತಂಕಗಳೆಲ್ಲ ಹಾಗೇ ಇವೆ. ಆದರೆ ಬಹುಪಾಲು ತರಗತಿಗಳಲ್ಲಿ ವಿದ್ಯಾರ್ಥಿಯ ಕೈಗೆ ಬರುವುದು ಮೊದಲೇ ಸೋಸಿಟ್ಟ ಪುಟ್ಟ ಸೀಸೆ. ಉತ್ತರ ಕೆಡುವ ಜಾಗ ಅವನ ಕಣ್ಣಿಗೆ ಬೀಳುವುದೇ ಇಲ್ಲ.

ಬಣ್ಣ ಹನಿಸುವ ಈ ವಿಧಾನಕ್ಕೆ ಕುರುಡು ತಾಣಗಳಿವೆ. ಸಂರಕ್ಷಕವಾಗಿ ಹಾಕಿದ ಗಂಧಕದ ಡೈಆಕ್ಸೈಡ್ ಇದ್ದರೆ ಫಾರ್ಮಾಲ್ಡಿಹೈಡ್ ಸೇರಿಸಿ ಅದನ್ನು ಕಟ್ಟಿಹಾಕಬೇಕು. ನೇರಳೆಯ ರಸದಲ್ಲಿ ಗುಲಾಬಿ ಕಾಣುವುದಿಲ್ಲ. ಎಲ್ಲಕ್ಕಿಂತ ದೊಡ್ಡದು, ಇಟ್ಟ ರಸದಲ್ಲಿ ಸಿ ಜೀವಸತ್ವದ ಒಂದು ಪಾಲು ಡಿಹೈಡ್ರೋಆಸ್ಕಾರ್ಬಿಕ್ ಆಮ್ಲವಾಗಿರುತ್ತದೆ. ದೇಹಕ್ಕೆ ಅದು ಪ್ರಯೋಜನವೇ, ಬಣ್ಣಕ್ಕೆ ಮಾತ್ರ ಅದು ಸಿಗುವುದಿಲ್ಲ. ಹಾಗಾದರೆ ಯಂತ್ರವೇ ಗೆದ್ದಿತಲ್ಲ ಎನ್ನಬಹುದು. ಗೆದ್ದಿಲ್ಲ. ಯುವಿ ಡಿಟೆಕ್ಟರಿಗೂ ಡಿಹೈಡ್ರೋಆಸ್ಕಾರ್ಬಿಕ್ ಆಮ್ಲ ತೀರ ಮಂಕು. ಮೊದಲು ಅದನ್ನು ಅಪಕರ್ಷಿಸಿ ಆಸ್ಕಾರ್ಬಿಕ್ ಆಮ್ಲವಾಗಿ ತಿರುಗಿಸದಿದ್ದರೆ ಲಕ್ಷಾಂತರ ರೂಪಾಯಿಯ ಯಂತ್ರವೂ ಬ್ಯೂರೆಟ್ಟಿನ ತಪ್ಪನ್ನೇ ಮಾಡುತ್ತದೆ. ವ್ಯತ್ಯಾಸವೆಂದರೆ, ಆ ತಪ್ಪನ್ನು ಅದು ನಾಲ್ಕು ದಶಮಾಂಶ ಸ್ಥಾನಗಳವರೆಗೆ ಅಚ್ಚುಹಾಕಿ ಕೊಡುತ್ತದೆ.

ಹೀಗೆ ಹನಿಸಿ ಅಳೆಯುವ ಟೈಟ್ರೇಷನ್ ಹಳತಾಯಿತು, ಪಠ್ಯದಿಂದ ತೆಗೆಯಿರಿ ಎನ್ನುವ ವಿಮರ್ಶಕರೊಡನೆ ನನ್ನ ಜಗಳ ಇಲ್ಲೇ. ಅವರು ಸದಾ ಎತ್ತುವ ಉದಾಹರಣೆ 2008ರ ಚೀನಾದ ಹಾಲಿನ ಪುಡಿ. ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದು, 6 ಕೂಸುಗಳು ಸತ್ತ ಆ ಪ್ರಕರಣದಲ್ಲಿ ಮೋಸ ಹೋದದ್ದು 1883ರ ಕೆಲ್ಡಾಲ್ ವಿಧಾನ ಎಂದು ಅವರು ಹೇಳುತ್ತಾರೆ. ನಿಜ. ಕೆಲ್ಡಾಲ್ ಅಳೆಯುವುದು ಸಾರಜನಕವನ್ನು. ಹಾಲಾದರೆ ಅದನ್ನು 6.38ರಿಂದ ಗುಣಿಸಿ ಪ್ರೋಟೀನ್ ಎನ್ನುತ್ತೇವೆ. ಆ ಹಾಲಿಗೆ ಬೆರೆಸಿದ್ದ ಮೆಲಮಿನ್ನಿನ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಸಾರಜನಕವೇ. ಆದರೆ ಕೆಲ್ಡಾಲ್‌ನ ಜಾಗಕ್ಕೆ ಬಂದಿರುವ, ಕೆಲವೇ ನಿಮಿಷಗಳಲ್ಲಿ ಉತ್ತರ ಕೊಡುವ ಡ್ಯೂಮಾ ದಹನ ಯಂತ್ರ ಅಳೆಯುವುದೇನನ್ನು? ಅದೇ ಸಾರಜನಕವನ್ನು. ಮೆಲಮಿನ್ ಬೆರೆಸಿದ ಹಾಲು ಅದರ ಮುಂದೆಯೂ ಒಳ್ಳೆಯ ಹಾಲಾಗಿಯೇ ದಾಟಿಹೋಗುತ್ತದೆ. ಎಲ್‌ಸಿ-ಎಂಎಸ್ ಮೆಲಮಿನ್ನನ್ನು ಹಿಡಿಯಬಲ್ಲದು, ಅದನ್ನು ಹುಡುಕಬೇಕೆಂದು ಯಾರಿಗಾದರೂ ಹೊಳೆದ ಮೇಲೆ. ಆ ಹೊಳೆಯುವಿಕೆ ಬರುವುದು ಯಾವ ಸಂಖ್ಯೆ ಯಾವ ವಸ್ತುವಿನದು ಎಂದು ಕೇಳಿ ಅಭ್ಯಾಸವಾದ ತಲೆಗೆ. ಉದಾಹರಣೆ ಅವರದು, ಸಾಕ್ಷ್ಯ ನನ್ನ ಕಡೆಗಿದೆ.

ರಂಗಣ್ಣನವರ ಪುಸ್ತಕವೊಂದಿದ್ದರೆ ಸಾಕು ಎನ್ನುವ ಹಿರಿಯರ ಮಾತನ್ನೂ ಒಪ್ಪಲಾರೆ. ಕೀಟನಾಶಕದ ಶೇಷ ಕಿಲೋಗೆ 0.01 ಮಿಲಿಗ್ರಾಂ ಮಟ್ಟದಲ್ಲಿ ಇದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಬ್ಯೂರೆಟ್ಟು ಉತ್ತರಿಸಲಾರದು. ಉಪಕರಣ ಬೇಕು. ಅದನ್ನು ಕಲಿಸುವ ಕ್ರಮ ಬದಲಾಗಬೇಕು.

ಪಠ್ಯಕ್ರಮ ರೂಪಿಸುವ ಅಧ್ಯಾಪಕರಲ್ಲಿ ನನ್ನ ಕೋರಿಕೆ ಇಷ್ಟು: ಒಂದೇ ಸೀಬೆ ಹಣ್ಣನ್ನು ವಿದ್ಯಾರ್ಥಿ ತಾನೇ ಅರೆದು, ಬ್ಯೂರೆಟ್ಟಿನಲ್ಲೂ ಎಚ್‌ಪಿಎಲ್‌ಸಿಯಲ್ಲೂ ಅಳೆಯಲಿ. ಎರಡು ಉತ್ತರಗಳು ಯಾಕೆ ಕೂಡಲಿಲ್ಲ ಎಂದು ಬರೆದ ಪುಟಕ್ಕೇ ಅರ್ಧದಷ್ಟು ಅಂಕ ಕೊಡಿ.