ಅಜ್ಜಿಯ ಅಕ್ಷರ, ಕೇರಿಯ ಹೆಬ್ಬೆಟ್ಟು

ಸುಧಾ ಮೂರ್ತಿಯವರು ತಮ್ಮ ಅಜ್ಜಿಗೆ ಓದು ಕಲಿಸಿದ ನೆನಪನ್ನು ಇಂಗ್ಲಿಷಿನಲ್ಲಿ ಬರೆದಿದ್ದಾರೆ. 2004ರಲ್ಲಿ ಪುಸ್ತಕವಾಗಿ ಬಂದ ಈ ಬರಹ ಶಾಲೆಯ ಪಾಠವೂ ಆಯಿತು. ರೋಣ, ನರಗುಂದ, ಗಜೇಂದ್ರಗಡದ ಕೇರಿಗಳಲ್ಲಿ ಕೂತು ಇದನ್ನು ಓದಿ ನೋಡಬೇಕಾಗಿದೆ.

ಉತ್ತರ ಕರ್ನಾಟಕದ ಹಳ್ಳಿ. ‘ಕರ್ಮವೀರ’ದಲ್ಲಿ ತ್ರಿವೇಣಿಯವರ ‘ಕಾಶೀಯಾತ್ರೆ’ ಧಾರಾವಾಹಿ. ಮೊಮ್ಮಗಳು ಓದಬೇಕು, ಅರವತ್ತೆರಡರ ಅಜ್ಜಿ ಕೇಳಬೇಕು. ಮೊಮ್ಮಗಳು ಮದುವೆಗೆಂದು ಪರವೂರಿಗೆ ಹೋದಾಗ, ಪತ್ರಿಕೆ ಕೈಯಲ್ಲಿದ್ದೂ ಅಜ್ಜಿಗೆ ಓದಾಕ ಬರಲಿಲ್ಲ. ಆ ನೋವಿಗೆ ಹಟ ತೊಟ್ಟು ದಸರೆಯ ಸರಸ್ವತಿ ಪೂಜೆಯೊಳಗೆ ಕಲಿತಳು. ಕಲಿಸಿದ ಮೊಮ್ಮಗಳ ಕಾಲು ಮುಟ್ಟಿದಳು.

ಇದೇ ಬರಹದ ಜೀವ. ಕಿರಿಯರೇ ಬಾಗಬೇಕೆಂಬ ರೂಢಿ ಇಲ್ಲಿ ತಿರುವುಮುರುವಾಗಿದೆ. ಹಣವಿದ್ದೂ ಓದಿಲ್ಲದಿದ್ದರೆ ಸ್ವಾತಂತ್ರ್ಯವಿಲ್ಲವೆಂದು ಅಜ್ಜಿ ಕಂಡುಕೊಂಡದ್ದನ್ನೂ ನಾವು ಒಪ್ಪುತ್ತೇವೆ.

ಆದರೆ ಹಣವೂ ಇಲ್ಲದ ಅಜ್ಜಿಯರ ಗತಿ ಏನು? ನಮ್ಮ ಕಡೆ ಅಕ್ಷರ ಕಾದಂಬರಿಯಾಗಿ ಬರಲಿಲ್ಲ. ಸಾಲದ ಕಾಗದವಾಗಿ, ಕರದ ಕಾಗದವಾಗಿ ಬಂತು. ಮಲಪ್ರಭಾ ನೀರಾವರಿಯ ಹೆಸರಿನಲ್ಲಿ ಹೇರಿದ ಬೆಟರ್‌ಮೆಂಟ್ ಲೆವಿಯ ವಿರುದ್ಧ 1980ರ ಜುಲೈ 21ರಂದು ನರಗುಂದದ ರೈತರು ಸಿಡಿದೆದ್ದರು. ಹೊಲವೇ ಇಲ್ಲದ ಕೂಲಿಯವಳಿಗೆ ಆ ಕಾಗದವೂ ಇಲ್ಲ. ಅವಳ ಲೆಕ್ಕ ಧಣಿಯ ಬಾಯಾಗ. ಗಜೇಂದ್ರಗಡದ ಕೈಮಗ್ಗದ ಮುದುಕಿಯ ಮಜೂರಿ ಸಾವಕಾರನ ಪುಸ್ತಕದಾಗ.

ಕೊರತೆ ಇಲ್ಲಿದೆ. ತಾಯಿ ಸತ್ತು, ತಂದೆ ಮರುಮದುವೆಯಾಗಿ, ಹೆಣ್ಣಿಗೆ ಓದು ಯಾಕ ಅನ್ನುವ ಕಾಲದಲ್ಲಿ ಅಜ್ಜಿಗೆ ಶಾಲೆ ತಪ್ಪಿತೆಂದು ಬರಹ ಹೇಳುತ್ತದೆ. ಜಾತಿಯ ಮಾತು ಎತ್ತುವುದಿಲ್ಲ. ಹಟವೊಂದಿದ್ದರೆ ಸಾಕೆಂಬ ಪಾಠ, ಕೇರಿಯ ಮುದುಕಿಗೆ ಹಟವೇ ಇರಲಿಲ್ಲವೆಂಬ ಅಪವಾದವಾಗುತ್ತದೆ.

ಮಾಸ್ತರರೇ, ಪಾಠ ಮಾಡ್ರಿ. ಮುಗಿದ ಮೇಲೆ ಮಕ್ಕಳಿಗೆ ಹೇಳ್ರಿ: ನಿಮ್ಮಜ್ಜಿ ಯಾವ ಕಾಗದಕ್ಕ ಹೆಬ್ಬೆಟ್ಟು ಒತ್ತಿದಳು, ಕೇಳಿಕೊಂಡು ಬಂದು ಬರೀರಿ.